ಎಂಕಪ್ಪನ ಕೈಯ ನೀಲಿ ಪಟ್ಟಿ

ಲೋಕದಲ್ಲಿ ತತ್ತ್ವನಿಷ್ಠರು ವಿರಳವೆಂದು ಕೊರಗುವವರು ಮಾರೆಪ್ಪನನ್ನು ಕಂಡಿಲ್ಲ. ಮಕ್ತಲ್‌ನಿಂದ ನಾರಾಯಣಪೇಟೆಗೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ಸಿಗುವ ಕುರುಬರ ಊರಿನಲ್ಲಿ, ಅರವತ್ತೆಂಟು ವಯಸ್ಸಿನ ಈ ಕುರಿಗಾರ ಒಂದೇ ಒಂದು ತತ್ತ್ವವನ್ನು ಹಿಡಿದು ಮೂವತ್ತೈದು ವರ್ಷ ಬಾಳಿದ್ದ: ಎಂಕಪ್ಪ ಮಾಡಿದ್ದು ತಪ್ಪು.

ಎಂಕಪ್ಪ ಅವನ ಷಡ್ಡಕ. ಹೆಂಡತಿ ಕಿಷ್ಟಮ್ಮನ ತಂಗಿಯ ಗಂಡ. ಎಂಕಪ್ಪ ಹಸಿರು ರುಮಾಲು ಸುತ್ತಿಕೊಂಡು ಬಂದ ದಿನದಿಂದ ಮಾರೆಪ್ಪನಿಗೆ ಹಸಿರು ಬಣ್ಣದಲ್ಲೇ ದೋಷ ಕಾಣತೊಡಗಿತ್ತು. ಎಂಕಪ್ಪನ ನಾಲ್ಕು ಕುರಿಗಳು ಮಾರೆಪ್ಪನ ನೂರನಲವತ್ತು ಕುರಿಗಳ ಹಿಂಡಿನಲ್ಲೇ ಮೇಯುತ್ತಿದ್ದವು. ಅವುಗಳನ್ನು ಮಾರೆಪ್ಪ ಮುಳ್ಳು ತಾಗದಂತೆ ಕಾಯುತ್ತಿದ್ದ. ಆದರೆ ಅವುಗಳ ಮುಖ ನೋಡಿ ಒಂದು ಸಲವೂ ನಕ್ಕಿರಲಿಲ್ಲ.

ಈ ದ್ವೇಷ ಹೆಚ್ಚು ಹೊಗೆಯಾಡುತ್ತಿದ್ದದ್ದು ಬೀರಪ್ಪನ ಗುಡಿಯ ಮುಂದೆ. ಪ್ರತಿವರ್ಷ ಹಿಂಡುಗಳು ಕೃಷ್ಣೆಯ ದಂಡೆಯ ಕಡೆಗೆ ಮೇವಿಗೆ ಹೊರಡುವ ಮುನ್ನ, ಊರಿನ ಹತ್ತೊಂಬತ್ತು ಮನೆಗಳವರೂ ತಮ್ಮ ಕುರಿಗಳೊಂದಿಗೆ ಅಲ್ಲಿ ಸೇರುತ್ತಾರೆ. ಒಬ್ಬ ಹಿರಿಯ ಭಂಡಾರದ ಚೀಲ ಹಿಡಿದು ನಿಂತು, ಪ್ರತಿ ಮನೆಯ ಏಳು ತಲೆಮಾರಿನ ಹಿರಿಯರ ಹೆಸರುಗಳನ್ನು ಕಾಗದ ನೋಡದೆ ಕೂಗಬೇಕು. ಹೆಸರು ಬಂದ ಮನೆಯವರು ಮುಂದೆ ಬಂದು ಹಣೆಗೆ ಅರಿಸಿನದ ಭಂಡಾರ ಹಚ್ಚಿಸಿಕೊಳ್ಳಬೇಕು. ಒಂದು ಹೆಸರು ತಪ್ಪಿದರೂ ಆ ಮನೆಯವರು ವರ್ಷವಿಡೀ ಮುಖ ಊದಿಸಿಕೊಂಡಿರುತ್ತಾರೆ. ಹೆಸರು ಕೂಗುವ ಈ ಹಕ್ಕು ಇಪ್ಪತ್ತೆರಡು ವರ್ಷಗಳಿಂದ ಮಾರೆಪ್ಪನದು. ಇಪ್ಪತ್ತೆರಡು ವರ್ಷಗಳಿಂದ ಎಂಕಪ್ಪ ಮುಂದಿನ ಸಾಲಿನಲ್ಲಿ ನಿಂತು, ಅವನು ಯಾವಾಗ ತಡವರಿಸುತ್ತಾನೋ ಎಂದು ಅವನ ತುಟಿಯನ್ನೇ ನೋಡುತ್ತಿದ್ದ. ಬಂಧುಪ್ರೇಮ ಎಂಬುದು ಇದೇ ಇರಬೇಕು.

ಇಂಥ ಊರಿಗೆ ಗದ್ವಾಲದ ಹುಡುಗಿ ಮೌನಿಕಾ ಬಂದಳು. ಮರೆವಿನ ರೋಗ ಬಾರದಂತೆ ತಡೆಯುವುದು ಹೇಗೆಂಬ ಅಧ್ಯಯನಕ್ಕೆ ಜನರನ್ನು ಸೇರಿಸಿಕೊಳ್ಳುವುದು ಅವಳ ಕೆಲಸ. ಪಂಚಾಯಿತಿ ಕಟ್ಟೆಯ ಮೇಲೆ ನಿಂತು ಅವಳು ತಿಳಿಯುವಂತೆಯೇ ಹೇಳಿದಳು.

"ಅರವತ್ತು ದಾಟಿದೋರು, ನೆನಪು ನೆಟ್ಟಗ ಇದ್ದೋರು ಬೇಕ್ರಿ. ಹೆಸ್ರು ಕೊಟ್ಟೋರ್ನ ಎರಡು ಪಾಲು ಮಾಡ್ತೀವಿ. ಒಂದು ಪಾಲಿನೋರಿಗೆ ದಿನಾ ನಡಿಗಿ, ಊಟದ ಕ್ರಮ, ಬಿ.ಪಿ., ಸಕ್ರಿ ತಪಾಸಣಿ, ನೆನಪಿನ ಆಟ. ಇನ್ನೊಂದು ಪಾಲಿನೋರಿಗೆ ಬರೀ ಸಲಹಾದ ಕಾಗದ. ಯಾರು ಯಾವ ಪಾಲಿಗೆ ಅಂತ ಮುಚ್ಚಿದ ಲಕೋಟೆ ಹೇಳ್ತೈತಿ, ನಾವಲ್ಲ. ಮೂರು ವರ್ಷ ನೋಡ್ತೀವಿ, ಯಾರ ನೆನಪು ಗಟ್ಟಿ ಉಳೀತೈತಿ ಅಂತ. ಬ್ಯಾಡ ಅನಿಸಿದ್ರ ಯಾವಾಗ ಬೇಕಾದ್ರೂ ಬಿಡಬಹುದು."

ಇದರಲ್ಲಿ ಅರ್ಥವಾಗದ ಮಾತು ಯಾವುದಿತ್ತು? ಆದರೆ ಕೇಳುವ ಮೊದಲೇ ಅರ್ಥ ಮಾಡಿಕೊಂಡು ಬಂದವರಿಗೆ ಹೇಳುವುದು ಯಾರಿಂದ ಸಾಧ್ಯ!

"ರಕ್ತ ತಗೊಂಡು ಪಟ್ಣದಾಗ ಮಾರ್ತಾರಂತ," ಎಂದಳು ಚಹಾದಂಗಡಿಯ ಜಮ್ಮುಲಮ್ಮ. ಊರಿನ ಸುದ್ದಿಯೆಲ್ಲ ಅವಳ ಕೆಟಲಿನಲ್ಲೇ ಕುದಿಯುತ್ತಿತ್ತು.

ಆಗ ಮಾರೆಪ್ಪ ಎದ್ದ. ಕಂಬಳಿಯನ್ನು ಹೆಗಲ ಮೇಲೆ ಸರಿಪಡಿಸಿಕೊಂಡ.

"ನೋಡವ್ವಾ, ನಮ್ಮೂರಾಗ ಮರೆಯೋರು ಯಾರೂ ಇಲ್ಲ. ಇವತ್ತು ನಿನ್ನ ಬುಕ್ಕಿನಾಗ ಹೆಸ್ರು ಬರಿಸಿದ್ರ ನಾಳಿ ಹುಚ್ಚಂತ ದಾಖಲ್ ಆಗ್ತೈತಿ. ನಾಡದು ಮೊಮ್ಮಗಳ ನೋಡಾಕ ಬಂದ ಬೀಗ್ರು ಏನ್ ಕೇಳ್ತಾರ? ಅಜ್ಜ ದವಾಖಾನಿ ಬುಕ್ಕಿನಾಗ ಅದಾನೇನು ಅಂತಾರ! ನಾನಂತೂ ದಸ್ಕತ್ ಹಾಕಂಗಿಲ್ಲ. ಹಾಕಿದೋನು ಗಂಡಸಲ್ಲ."

ಕಟ್ಟೆ ಖಾಲಿಯಾಯಿತು. ಮೌನಿಕಾ ತನ್ನ ಕಾಗದಗಳನ್ನು ಜೋಡಿಸಿಕೊಳ್ಳುತ್ತಿರುವಾಗ ಒಬ್ಬನೇ ಒಬ್ಬ ಮುಂದೆ ಬಂದ. ಅಧ್ಯಯನದ ಉದ್ದೇಶ ಅವನಿಗೆ ತಿಳಿದಿರಲಿಲ್ಲ. ಮಾರೆಪ್ಪ ಬೇಡವೆಂದದ್ದು ಮಾತ್ರ ತಿಳಿದಿತ್ತು.

"ಎಲ್ಲಿ ಹಾಕ್ಬೇಕವ್ವಾ ದಸ್ಕತ್ತು?" ಎಂದ ಎಂಕಪ್ಪ.

ಹತ್ತು ದಿನ ಕಳೆದವು. ಊರಿಗೆ ಬಿಳಿ ಕಾರು ಬಂತು. ಎಂಕಪ್ಪ ಹಿಂದಿನ ಸೀಟಿನಲ್ಲಿ ಒಬ್ಬನೇ ಕುಳಿತು, ಗಾಜು ಇಳಿಸಿ, ಮೊಣಕೈ ಹೊರಗಿಟ್ಟು ನಾರಾಯಣಪೇಟೆಗೆ ಹೋದ. ಸಂಜೆ ಮರಳಿದಾಗ ಅವನ ಮಣಿಕಟ್ಟಿನಲ್ಲಿ ಒಂದು ನೀಲಿ ಪಟ್ಟಿ ಇತ್ತು. ಅದು ಹೆಜ್ಜೆ ಎಣಿಸುವ ಯಂತ್ರ. ಲಕೋಟೆ ಅವನನ್ನು ನಡಿಗೆಯ ಪಾಲಿಗೆ ಹಾಕಿತ್ತು.

ಅಂದಿನಿಂದ ಸಂಜೆಯಾದರೆ ಸಾಕು, ಎಂಕಪ್ಪ ಬಲಗೈಯಲ್ಲಿ ಮಾಡುವ ಕೆಲಸಗಳನ್ನೆಲ್ಲ ಎಡಗೈಯಲ್ಲಿ ಮಾಡತೊಡಗಿದ. ಪಟ್ಟಿ ಇದ್ದದ್ದು ಎಡಗೈಯಲ್ಲಿ. ನಮಸ್ಕಾರವನ್ನೂ ಅದರಿಂದಲೇ ಮಾಡುತ್ತಿದ್ದ. ಯಾರೂ ಕೇಳದಿದ್ದರೂ ಜಮ್ಮುಲಮ್ಮನ ಅಂಗಡಿಯ ಮುಂದೆ ನಿಂತು ಹೇಳುತ್ತಿದ್ದ:

"ಇವತ್ತು ಇಪ್ಪತ್ತೊಂದು ಸಾವಿರ ಹೆಜ್ಜಿ ಆತು ನೋಡವಾ. ಡಾಕ್ಟರ್ ಸಾಹೇಬ್ರು ನನ್ನ ಫೋಟೋ ಗ್ವಾಡಿಗೆ ಹಚ್ಯಾರ. ಜಿಲ್ಲಾದಾಗ ಈ ವಯಸ್ಸಿಗೆ ಇಷ್ಟು ನಡೆಯೋರು ಇಲ್ಲಂತ."

ಮಾರೆಪ್ಪನ ಎದೆಯಲ್ಲಿ ಬಿಸಿ ಕೆಂಡ ಬಿತ್ತು. ನಲವತ್ತೈದು ವರ್ಷ ಅವನು ಕುರಿಗಳ ಹಿಂದೆ ಗುಂಡುಮಾಲಿನ ಬಯಲು, ಮದ್ದೂರಿನ ಗುಡ್ಡ ಸುತ್ತಿದ್ದಾನೆ. ಅವನ ಹೆಜ್ಜೆಗಳನ್ನು ಯಾವ ಡಾಕ್ಟರ್ ಎಣಿಸಿದ? ಯಾವ ಗೋಡೆಗೆ ಹಚ್ಚಿದ? ಬೆಳಿಗ್ಗೆ ಮಂಚದಿಂದ ಚಹಾದಂಗಡಿಗೆ, ಚಹಾದಂಗಡಿಯಿಂದ ಮಂಚಕ್ಕೆ ನಡೆಯುವ ಎಂಕಪ್ಪ ಜಿಲ್ಲೆಗೇ ಮೊದಲಿಗನೆ?

"ಇಪ್ಪತ್ತೊಂದು ಸಾವಿರ! ಎಲ್ಲಿ ನಡದಾನವ? ಅಂಗಳದಾಗ ಗಾಣದೆತ್ತಿನಂಗ ತಿರುಗ್ಯಾನೇನು?" ಎಂದು ಮನೆಯಲ್ಲಿ ಕಿರುಚಿದ.

"ನಡೀಲಿ ಬಿಡ್ರಿ. ನಿಮ್ಮ ಕಾಲೇನು ನೋಯ್ತಾವಾ?" ಎಂದಳು ಕಿಷ್ಟಮ್ಮ. "ನಮ್ಮ ತಂಗಿ ಹೇಳಿದ್ಲು, ಅವರಿಗೆ ಮೊಟ್ಟಿ ತಿನ್ನಾಕ ಹೇಳ್ಯಾರಂತ."

ಮೊಟ್ಟೆಯ ಸುದ್ದಿ ಉರಿಯ ಮೇಲೆ ಎಣ್ಣೆಯಾಯಿತು. ಆ ವಾರವೇ ಇನ್ನೊಂದು ಚಿಂತೆಯೂ ಸೇರಿತು. ಹಿಂಡಿನಲ್ಲಿದ್ದ ಎಂಕಪ್ಪನ ಚುಕ್ಕಿ ಎಂಬ ಕುರಿ ಹಗಲೆಲ್ಲ ಬಲ ಮುಂಗಾಲನ್ನು ಕೆಸರಿನಿಂದ ಎತ್ತುವಂತೆ ಎತ್ತಿ ಇಡುತ್ತಿತ್ತು. ಮುಳ್ಳು ಹೊಕ್ಕಿರಬೇಕೆಂದು ಸಂಜೆ ಹಟ್ಟಿಯಲ್ಲಿ ಹಿಡಿದು ನೋಡಿದರೆ ಕಾಲು ಸ್ವಚ್ಛ. ಮರುದಿನ ಮತ್ತೆ ಅದೇ ನಡಿಗೆ, ಸಂಜೆಗೆ ಮತ್ತೆ ಸ್ವಚ್ಛ. ಅಂತಹ ಹೊತ್ತಿನಲ್ಲೇ ಎಂಕಪ್ಪ ಪ್ರತಿದಿನ ಬೆಳಿಗ್ಗೆ, ಸಂಜೆ ತನ್ನ ಕುರಿಗಳ ಮೈದಡವಲು ಹಟ್ಟಿಗೆ ಬರುವುದು ಹೆಚ್ಚಾಗಿತ್ತು. ಆದರೆ ಅಸೂಯೆ ಎಂಬುದು ಕಣ್ಣನ್ನು ದೊಡ್ಡದು ಮಾಡಿ ನೋಟವನ್ನು ಕಿರಿದು ಮಾಡುವ ರೋಗ. ಮಾರೆಪ್ಪ ಎಂಕಪ್ಪನ ಕೈಯನ್ನಷ್ಟೇ ನೋಡುತ್ತಿದ್ದ; ಆ ಕೈ ಏನು ಮಾಡುತ್ತಿದೆ ಎಂದು ನೋಡಲಿಲ್ಲ.

ಕೊನೆಗೆ ಒಂದು ಬುಧವಾರ ಅವನು ಮೌನಿಕಾಳನ್ನು ಪಂಚಾಯಿತಿ ಕಟ್ಟೆಯ ಮರೆಯಲ್ಲಿ ತಡೆದ.

"ನನ್ನ ಹೆಸ್ರೂ ಬರಕೋ ಅವ್ವಾ."

"ಬರ್ರಿ ತಾತಾ! ಮೊದ್ಲು ಒಂದು ಸಣ್ಣ ಪರೀಕ್ಷಾ ಐತಿ."

ಇಲ್ಲಿ ನಡೆದದ್ದನ್ನು ಬರೆಯಲು ಲೇಖನಿ ನಾಚುತ್ತದೆ. ಮೌನಿಕಾ ಕಟ್ಟೆಯ ಮೇಲೆ ಅಷ್ಟು ಸ್ಪಷ್ಟವಾಗಿ ನೆನಪು ನೆಟ್ಟಗಿದ್ದವರು ಬೇಕೆಂದಿದ್ದಳು. ಮಾರೆಪ್ಪ ಅದನ್ನು ಕೇಳಿಸಿಕೊಂಡಿರಲಿಲ್ಲ. ಆಗ ಅವನು ತನ್ನ ಭಾಷಣ ಸಿದ್ಧಪಡಿಸಿಕೊಳ್ಳುತ್ತಿದ್ದ. ಮರೆವಿನ ರೋಗದ ಅಧ್ಯಯನವೆಂದ ಮೇಲೆ ಮರೆತವರಿಗೇ ಪಟ್ಟಿ ಎಂಬುದು ಅವನ ಲೆಕ್ಕಾಚಾರ. ಎಂಕಪ್ಪ ಅಷ್ಟು ಬೇಗ ಆಯ್ಕೆಯಾದದ್ದಕ್ಕೂ ಅವನು ಇದೇ ಕಾರಣ ಕೊಟ್ಟುಕೊಂಡಿದ್ದ.

"ಇವತ್ತು ಯಾವ ವಾರ ತಾತಾ?"

"ವಾರಾ? ಹಂಗಂದ್ರೇನು?"

"ನಾವು ಯಾವ ರಾಜ್ಯದಾಗ ಇದ್ದೀವಿ?"

"ನಿಜಾಮ್ ಸರ್ಕಾರದಾಗ," ಎಂದ ಮಾರೆಪ್ಪ, ಕಣ್ಣು ಮಿಟುಕಿಸದೆ.

"ಈಗ ಮೂರು ಮಾತು ಹೇಳ್ತೀನಿ. ಬಂಡಿ, ಮಾವಿನಹಣ್ಣು, ಕಂದೀಲು. ತಿರುಗಿ ಹೇಳ್ರಿ ನೋಡೋಣು."

"ನೀ ಯಾರವ್ವಾ?"

ಮೌನಿಕಾಳ ಮುಖ ಮೃದುವಾಯಿತು. "ಸರೇ ತಾತಾ. ಕಡೀದು. ಒಂದು ನಿಮಿಷದಾಗ ನಿಮಗ ಗೊತ್ತಿರೋ ಪ್ರಾಣಿಗಳ ಹೆಸ್ರು ಹೇಳ್ರಿ. ಎಷ್ಟು ಹೆಚ್ಚೋ ಅಷ್ಟು ಚಲೋ."

ಸುಳ್ಳಿಗೂ ಒಂದು ಮಿತಿ ಇರುತ್ತದೆ. ಕುರಿಗಾರನಿಗೆ ಪ್ರಾಣಿಗಳ ಹೆಸರು ಕೇಳಿದರೆ ಅವನು ಸುಮ್ಮನಿರುವುದು ಹೇಗೆ? ಮಾರೆಪ್ಪ ಎದೆ ಸೆಟೆಸಿ ಕುಳಿತ.

"ಗಂಗಿ, ಗಂಗಿ ಮಗಳು ಬೋಳಿ, ಮುರುಕು ಕಿವೀದು, ಬಿಳಿ ಮೂಗಿಂದು, ರಾಜೋಳಿ ಸಂತ್ಯಾಗ ತಂದ ಕರಿ ಟಗರು, ಅದರ ಮಗ ಕೆಂಚ, ಚುಕ್ಕಿ, ಕಳ್ಳಿ, ಹಾಲು ಕೊಡದ ಹಠಮಾರಿ, ಅವಳ ಅಕ್ಕ..."

ನಿಮಿಷ ಮುಗಿಯುವ ಹೊತ್ತಿಗೆ ನಲವತ್ತೊಂದು ಹೆಸರುಗಳಾಗಿದ್ದವು. ಅವನು ಬೆವರು ಒರೆಸಿಕೊಂಡು ಕೇಳಿದ: "ಎಷ್ಟಾತು?"

"ಒಂದು ತಾತಾ," ಎಂದಳು ಮೌನಿಕಾ ನೋವಿನಿಂದ. "ಎಲ್ಲಾ ಕುರೀನೇ. ಕುರಿ ಅಂದ್ರ ಒಂದೇ ಪ್ರಾಣಿ."

ಸುಳ್ಳು ಹೇಳಿದ ಕಡೆ ಅವನನ್ನು ನಂಬಿದರು. ಸತ್ಯ ಹೇಳಿದ ಕಡೆ ಒಂದು ಅಂಕ ಕೊಟ್ಟರು. ಅಧ್ಯಯನಕ್ಕೆ ಅವನನ್ನು ಸೇರಿಸುವಂತಿಲ್ಲವೆಂದೂ, ಬೇಗ ಡಾಕ್ಟರಿಗೆ ತೋರಿಸಬೇಕೆಂದೂ ಮೌನಿಕಾ ಮೆಲ್ಲನೆ ಹೇಳಿದಳು. ಆದರೆ ಮಾರೆಪ್ಪ ಮರೆಯೆಂದು ತಿಳಿದಿದ್ದ ಜಾಗದ ಹಿಂಬದಿಯಲ್ಲೇ ಜಮ್ಮುಲಮ್ಮ ಲೋಟ ತೊಳೆಯುತ್ತಿದ್ದಳು.

ಚಹಾ ಕುದಿಯುವ ಮೊದಲು ಸುದ್ದಿ ಕುದಿಯಿತು. ಮಾರೆಪ್ಪ ಮನೆ ತಲುಪುವಷ್ಟರಲ್ಲಿ ಅಂಗಳದಲ್ಲಿ ಜನ ಸೇರಿದ್ದರು. ಒಬ್ಬೊಬ್ಬರೂ ಮುಂದೆ ಬಂದು, ಕಿವುಡನಿಗೆ ಹೇಳುವಂತೆ ಗಟ್ಟಿಯಾಗಿ ಕೇಳತೊಡಗಿದರು.

"ಮಾವಾ, ನಾನ್ಯಾರು ಹೇಳ್ರಿ?"

"ಮೈಲಮ್ಮನ ಮಗ ರಾಮುಲು! ನಿನ್ನ ತೊಟ್ಲಿಗೆ ಕಂಬಳಿ ಕೊಟ್ಟೋನು ನಾನು!"

"ಅಯ್ಯೋ ಪಾಪ, ಹಳೇದೆಲ್ಲ ನೆನಪೈತಿ," ಎಂದು ರಾಮುಲು ಉಳಿದವರ ಕಡೆ ತಿರುಗಿ ತಲೆಯಾಡಿಸಿದ. "ಈ ರೋಗದಾಗ ಹಂಗೇ ಅಂತ. ಹಳೇದು ಇರ್ತೈತಿ, ಹೊಸಾದು ಹೋಗ್ತೈತಿ."

"ನನಗೇನೂ ಆಗಿಲ್ಲೋ! ಸುಳ್ಳು ಹೇಳೀನಿ! ಪಟ್ಟಿ ಸಲುವಾಗಿ ಸುಳ್ಳು ಹೇಳೀನಿ!"

"ರೋಗ ಬಂದೋರು ಹಿಂಗೇ ಅಂತಾರ," ಎಂದಳು ಜಮ್ಮುಲಮ್ಮ, ಆ ರೋಗ ಬಂದವರನ್ನು ಒಮ್ಮೆಯೂ ಕಂಡಿರದವಳು.

ಕಿಷ್ಟಮ್ಮ ಕಣ್ಣೊರೆಸಿಕೊಂಡಳು. "ಸಂಜಿಕ ಸಂಜಿಕ ಚುಕ್ಕಿ ಕಾಲಾಗ ಇಲ್ಲದ ಮುಳ್ಳು ಹುಡುಕ್ತಿದ್ರು. ನನಗ ಆಗಲೇ ಅನುಮಾನ ಬರಬೇಕಿತ್ತು." ಅಂದಿನಿಂದ ಅವಳು ಗಂಡನ ಕೈಗೆ ನೀರಿನ ಚೊಂಬು ಕೊಟ್ಟರೂ "ಇದು ಚೊಂಬ್ರಿ" ಎಂದು ಹೇಳಿಯೇ ಕೊಡುತ್ತಿದ್ದಳು.

ಮೂರನೆಯ ದಿನ ಗುಡಿಯ ಹಿರಿಯ ಬಾಲರಾಜ್ ಬಂದ. ಮಾತು ಸುತ್ತಿ ಬಳಸಿ ಕೊನೆಗೆ ಹೇಳಿದ:

"ಮಾರೆಪ್ಪಣ್ಣಾ, ಈ ವರ್ಷ ನೀ ಆರಾಮ್ ತಗೋ. ಹೆಸ್ರು ಕೂಗೋದು ಎಂಕಪ್ಪಗ ಕೊಟ್ಟೀವಿ. ಒಂದು ಮನಿ ಹೆಸ್ರು ತಪ್ಪಿದ್ರ ಊರಾಗ ಜಗಳ. ಅವನ ನೆನಪು ಸರ್ಕಾರಿ ದವಾಖಾನ್ಯಾಗ ಪಾಸ್ ಆಗೈತಿ."

ಇಪ್ಪತ್ತೆರಡು ವರ್ಷಗಳ ಹಕ್ಕು ಒಂದು ಪಟ್ಟಿಯ ಆಸೆಗೆ ಹೋಯಿತು. ಅಧ್ಯಯನಕ್ಕೆ ಹೆಸರು ಕೊಡುವುದೇ ಅವಮಾನವೆಂದವನು, ಸುಳ್ಳು ಹೇಳಿ ಹೆಸರು ಕೊಡಲು ಹೋಗಿ ಅವಮಾನ ತಂದುಕೊಂಡ. ಇದರಲ್ಲಿ ಯಾರನ್ನು ಬೈಯುವುದೆಂದು ಅವನಿಗೆ ತೋಚಲಿಲ್ಲ. ಆದ್ದರಿಂದ ಎಂಕಪ್ಪನನ್ನು ಬೈದ.

ಹೆಸರು ಕೂಗುವ ಬೆಳಿಗ್ಗೆ ಬೀರಪ್ಪನ ಗುಡಿಯ ಮುಂದಿನ ಬಯಲು ಕುರಿಗಳಿಂದ ತುಂಬಿತ್ತು. ಎಂಕಪ್ಪ ತೋಳು ಪೂರ್ತಿ ಮುಚ್ಚುವ ಹೊಸ ಅಂಗಿ ತೊಟ್ಟು, ಭಂಡಾರದ ಚೀಲ ಹಿಡಿದು ನಿಂತಿದ್ದ. ತನ್ನ ವೈಭವಕ್ಕೆ ಸಾಕ್ಷಿಯಾಗಲೆಂದು ಮೌನಿಕಾಳನ್ನೂ ಕರೆಸಿದ್ದ. ಮಾರೆಪ್ಪ ದೂರದಲ್ಲಿ, ತನ್ನ ಹಿಂಡಿನ ಅಂಚಿನಲ್ಲಿ ಕೋಲಿನ ಮೇಲೆ ಗದ್ದವಿಟ್ಟು ನಿಂತಿದ್ದ.

"ಕೂಗೋಕಿಂತ ಮೊದ್ಲು," ಎಂದು ಎಂಕಪ್ಪ ಗಂಟಲು ಸರಿಪಡಿಸಿಕೊಂಡ, "ನನ್ನ ನಡಿಗಿ ಎಷ್ಟಾಗೈತಿ ಅಂತ ಊರಿಗೆ ಹೇಳವ್ವಾ ಮೌನಿಕಾ. ಎಲ್ಲರಿಗೂ ಬುದ್ಧಿ ಬರ್ಲಿ."

ಮೌನಿಕಾ ಫೋನು ತೆಗೆದಳು. ಪಟ್ಟಿ ಹತ್ತಿರವಿದ್ದರೆ ಎಣಿಕೆ ಅದರಲ್ಲಿ ಕಾಣುತ್ತಿತ್ತು. "ಇವತ್ತು ಮುಂಜಾನಿಂದ ನಾಲ್ಕು ಸಾವಿರದ ಇನ್ನೂರಾ ಹತ್ತು," ಎಂದಳು.

ಜನ ಮೆಚ್ಚಿಗೆಯಿಂದ ಗುನುಗಿದರು.

"ಇನ್ನೂರಾ ಹದಿನೆಂಟು," ಎಂದಳು. ಎಂಕಪ್ಪನನ್ನು ನೋಡಿದಳು. ಅವನು ಕಂಬದಂತೆ ನಿಂತಿದ್ದ. "ಇನ್ನೂರಾ ಮೂವತ್ತು. ತಾತಾ, ನೀವು ನಿಂತೀರಿ. ನಿಮ್ಮ ಹೆಜ್ಜಿ ಎಲ್ಲಿ ಹೊಂಟಾವ?"

ಎಂಕಪ್ಪ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಅವನ ಮುಖದ ಬಣ್ಣ ಚೀಲದೊಳಗಿನ ಭಂಡಾರದ ಬಣ್ಣಕ್ಕೆ ತಿರುಗಿತು.

ದೂರದಲ್ಲಿ ಮಾರೆಪ್ಪ ಕೋಲಿನಿಂದ ಗದ್ದ ಎತ್ತಿದ. ನಿಂತವನ ಹೆಜ್ಜೆ ನಡೆಯುತ್ತಿದೆ. ಮುಳ್ಳಿಲ್ಲದ ಕಾಲು ಕುಂಟುತ್ತಿದೆ. ಹತ್ತೊಂಬತ್ತು ಮನೆಗಳ ಸಾವಿರಾರು ಕುರಿಗಳು ಒಂದರ ಮೈಗೊಂದು ಉಜ್ಜುತ್ತ ಕಲೆತು ನಿಂತಿದ್ದ ಆ ಬಯಲಿಗೆ ಅವನು ಇಳಿದ. ಎಡಕ್ಕೆ ನೋಡಲಿಲ್ಲ, ಬಲಕ್ಕೆ ನೋಡಲಿಲ್ಲ. ನೇರವಾಗಿ ನಡೆದು ಒಂದು ಕುರಿಯನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಬಂದು, ಗುಡಿಯ ಮುಂದೆ ಇಳಿಸಿದ. ಚುಕ್ಕಿಯ ಕರಿ ಬಲ ಮುಂಗಾಲಿಗೆ ಅದೇ ಬಣ್ಣದ ಕಂಬಳಿಯ ಚೂರೊಂದು ಸುತ್ತಿತ್ತು. ಬಿಚ್ಚಿದ. ನೀಲಿ ಪಟ್ಟಿ ಬಿಸಿಲಿಗೆ ಹೊಳೆಯಿತು.

"ಇಪ್ಪತ್ತೊಂದು ಸಾವಿರ ನಡದಾಕಿ ಈಕಿ," ಎಂದ. "ಈಕಿ ಫೋಟೋ ಹಚ್ರಿ ಗ್ವಾಡಿಗೆ."

ಇಡೀ ಬಯಲು ನಕ್ಕಿತು.

"ಸಂಜಿಕ ಬಿಚ್ಚತಿದ್ದೆ," ಎಂದು ಎಂಕಪ್ಪ ತೊದಲಿದ. "ಇವತ್ತು ಗಡಿಬಿಡ್ಯಾಗ... ಮುಂಜಾನೆ ಕಟ್ಟಿದ್ದು... ಬಿಚ್ಚೋದು ಮರೆತೆ."

"ಯಾರೋ ಮರೆತೋನು?" ಎಂದಳು ಜಮ್ಮುಲಮ್ಮ.

ಬಾಲರಾಜ್ ಮುಂದೆ ಬಂದ. ಎಂಕಪ್ಪನ ಕೈಯಿಂದ ಭಂಡಾರದ ಚೀಲ ತೆಗೆದು ಮಾರೆಪ್ಪನ ಕೈಗಿಟ್ಟ.

ಮಾರೆಪ್ಪ ಕೂಗಿದ. ಮೊದಲ ಮನೆ, ಎರಡನೆಯ ಮನೆ, ಹತ್ತನೆಯ ಮನೆ. ಏಳು ತಲೆಮಾರಿನ ಹೆಸರುಗಳು ಹಟ್ಟಿಯಿಂದ ಬಿಟ್ಟ ಕುರಿಗಳಂತೆ ಒಂದರ ಹಿಂದೊಂದು ಹೊರಬಂದವು. ಹದಿನೆಂಟು ಮನೆಗಳವರ ಹಣೆ ಹಳದಿಯಾಯಿತು. ಹತ್ತೊಂಬತ್ತನೆಯದು ಎಂಕಪ್ಪನ ಮನೆ.

ಅವನು ನಿಂತ.

ಮರೆತನೋ ಎಂದು ಜನ ಉಸಿರು ಬಿಗಿಹಿಡಿದರು. ಮರೆತಿರಲಿಲ್ಲ. ಏಳೂ ಹೆಸರುಗಳು ನಾಲಿಗೆಯ ತುದಿಯಲ್ಲಿದ್ದವು. ಈಗ ಬಾಯಿ ಮುಚ್ಚಿದರೆ, ಎಂಕಪ್ಪನ ಮನೆ ವರ್ಷವಿಡೀ ಭಂಡಾರವಿಲ್ಲದೆ ಉಳಿಯುತ್ತದೆ. ರೋಗಿಯೆಂಬ ನೆಪವನ್ನು ಊರೇ ಅವನಿಗೆ ಕೊಟ್ಟಿದೆ, ಯಾರೂ ತಪ್ಪೆನ್ನಲಾರರು. ಮೂವತ್ತೈದು ವರ್ಷಗಳ ತತ್ತ್ವಕ್ಕೆ ಇಂಥ ಅವಕಾಶ ಮತ್ತೆ ಸಿಗುವುದುಂಟೆ? ಎಂಕಪ್ಪ ತಲೆ ತಗ್ಗಿಸಿ, ಬರಿದಾದ ಮಣಿಕಟ್ಟನ್ನು ಹಿಡಿದುಕೊಂಡು ನಿಂತಿದ್ದ. ಅವನ ಪಕ್ಕದಲ್ಲಿ ಕಿಷ್ಟಮ್ಮನ ತಂಗಿ ಸೆರಗಿನಿಂದ ಹಣೆ ಒರೆಸಿ ಸಿದ್ಧಮಾಡಿಕೊಂಡಿದ್ದಳು.

"ನಮ್ಮ ತಂಗಿ ಮನಿರೀ," ಎಂದು ಕಿಷ್ಟಮ್ಮ ಪಿಸುಗುಟ್ಟಿದಳು.

"ಗೊತ್ತೈತಿ ಸುಮ್ನಿರು," ಎಂದ ಮಾರೆಪ್ಪ. ಮತ್ತು ಕೂಗಿದ, ಏಳು ಹೆಸರುಗಳನ್ನೂ, ಉಳಿದೆಲ್ಲ ಮನೆಗಳಿಗಿಂತ ಗಟ್ಟಿಯಾಗಿ. ಎಂಕಪ್ಪನ ಹಣೆಗೆ ಭಂಡಾರವನ್ನು ಕಣ್ಣು ಮೂಗು ಮುಚ್ಚಿಹೋಗುವಷ್ಟು ಬಳಿದ. ಕ್ಷಮೆ ಎಂಬುದು ಸಂಪೂರ್ಣವಾಗಿರಬೇಕು.

ಮೌನಿಕಾ ಮಾತ್ರ ನಗಲಿಲ್ಲ. ಇಬ್ಬರು ಷಡ್ಡಕರನ್ನೂ ಕಟ್ಟೆಯ ಮೇಲೆ ಕೂರಿಸಿದಳು.

"ಒಬ್ರು ಕುರೀನ ನಡೆಸೀರಿ, ಒಬ್ರು ನೆನಪಿದ್ದೂ ಮರೆತೀನಂದೀರಿ. ನಿಮ್ಮ ಸುಳ್ಳು ನಂಬಿ ನಾವು ಬರದ್ರ, ನಾಳಿ ಯಾವುದೋ ಊರಿನ ಅಜ್ಜಿಗೆ ತಪ್ಪು ಔಷಧಾ ಹೇಳ್ತೀವಿ. ಆಕಿ ತನ್ನ ಮಗನ್ನೇ ಯಾರಂತ ಕೇಳ್ತಾಳ. ಆ ಪಾಪ ಯಾರಿಗೆ?"

ಅರವತ್ತು ದಾಟಿದ ಇಬ್ಬರು ಗಂಡಸರು, ಪಾಠ ಒಪ್ಪಿಸದ ಮಕ್ಕಳಂತೆ ನೆಲ ಕೆರೆದರು. ಈ ಮಾತನ್ನು ಊರೆಲ್ಲ ಗೋಡೆಯ ಮೇಲೆ ಬರೆಸಬೇಕಿತ್ತು. ಆದರೆ ಆ ಊರಿನ ಗೋಡೆಗಳು ಚುನಾವಣೆಯ ಬಣ್ಣಕ್ಕೆ ಮೀಸಲು.

ಕುರಿಯ ಹೆಜ್ಜೆಗಳನ್ನೆಲ್ಲ ಡಾಕ್ಟರರು ಹೊಡೆದುಹಾಕಿದರು. ಇನ್ನು ತಾನೇ ನಡೆಯುವೆನೆಂದು ಎಂಕಪ್ಪ ಬೀರಪ್ಪನ ಮೇಲೆ ಆಣೆ ಇಟ್ಟ. ಮಾರೆಪ್ಪನ ಹಿಂಡಿನ ಹಿಂದೆಯೇ ನಡೆಯಬೇಕೆಂದು ಬಾಲರಾಜ್ ತೀರ್ಮಾನಿಸಿದ. ಮಾರೆಪ್ಪನಿಗೆ ಮತ್ತೆ ಪರೀಕ್ಷೆಯಾಯಿತು. ವಾರ, ರಾಜ್ಯ, ಬಂಡಿ, ಮಾವಿನಹಣ್ಣು, ಕಂದೀಲು ಎಲ್ಲವೂ ಸರಿ. ಪ್ರಾಣಿಗಳು ಹತ್ತೊಂಬತ್ತು. "ಕುರೀನೆಲ್ಲಾ ಒಂದು ಅಂತ ಹಿಡಿಯೋದು ಅನ್ಯಾಯ," ಎಂಬ ಆಕ್ಷೇಪವನ್ನು ಬರೆದುಕೊಳ್ಳುವವರೆಗೂ ಅವನು ಸಹಿ ಹಾಕಲಿಲ್ಲ.

ಅವನು ಸಹಿ ಹಾಕಿದ ಸುದ್ದಿ ಹಬ್ಬಿದ್ದೇ ತಡ, ಕಟ್ಟೆಯ ಮುಂದೆ ಸಾಲು ನಿಂತಿತು. ಮಾರೆಪ್ಪನಿಗೆ ಸಿಗುವುದು ತಮಗೇಕೆ ಸಿಗಬಾರದು? ಕರಪತ್ರ, ಮೈಕು, ಮೌನಿಕಾಳ ಮೂರು ತಿಂಗಳ ಬೇಡಿಕೆ ಯಾವುದೂ ಮಾಡಲಾರದ್ದನ್ನು ಹೊಟ್ಟೆಕಿಚ್ಚು ಒಂದು ಬೆಳಿಗ್ಗೆಯಲ್ಲಿ ಮಾಡಿತು. ವಿಜ್ಞಾನ ಇದಕ್ಕೆ ಕೃತಜ್ಞವಾಗಿರಲಿ. ನೀತಿಶಾಸ್ತ್ರ ತಲೆ ತಗ್ಗಿಸಲಿ. ರಕ್ತ ಮಾರುತ್ತಾರೆಂದ ಜಮ್ಮುಲಮ್ಮ ಸಾಲಿನಲ್ಲಿ ಎರಡನೆಯವಳಾಗಿದ್ದಳು.

ಮಾರೆಪ್ಪನ ಲಕೋಟೆ ಒಡೆಯಿತು. ಪಟ್ಟಿ ಇಲ್ಲ. ಕಾರಿಲ್ಲ. ಒಂದು ಮಡಿಸಿದ ಸಲಹೆಯ ಕಾಗದ.

"ಇಷ್ಟೇನಾ?" ಎಂದ. ಅವನ ಧ್ವನಿ ಕೇಳಿ ಮೌನಿಕಾಳಿಗೆ ಕನಿಕರವಾಯಿತು.

"ತಾತಾ, ನಿಮ್ಮ ಪಾಲಿನೋರು ಇಲ್ಲಂದ್ರ ಅಧ್ಯಯನಾನೇ ಇಲ್ಲ. ಪಟ್ಟಿ ಕಟ್ಟಿಕೊಂಡೋರ ನೆನಪು ಎಷ್ಟು ಸುಧಾರಿಸೈತಿ ಅಂತ ನಮಗ ಹೆಂಗ ಗೊತ್ತಾಗಬೇಕು? ನಿಮ್ಮ ಜೋಡಿ ಹೋಲಿಸಿ ನೋಡಿದ್ರೇ ಗೊತ್ತಾಗೋದು."

ಮಾರೆಪ್ಪ ಈ ಮಾತನ್ನು ಬಹಳ ಹೊತ್ತು ಅಗಿದ. ಕಾಗದವನ್ನು ನೀಟಾಗಿ ಮಡಿಸಿ ಎದೆಯ ಜೇಬಿನಲ್ಲಿ, ಅರ್ಧ ಹೊರಗೆ ಕಾಣುವಂತೆ ಇಟ್ಟುಕೊಂಡ. ನೇರವಾಗಿ ಚಹಾದಂಗಡಿಗೆ ನಡೆದ. ಅಲ್ಲಿ ಎಂಕಪ್ಪ, ಹೊಸದಾಗಿ ನಡೆದು ಊದಿದ ಕಾಲುಗಳನ್ನು ನೀಡಿಕೊಂಡು ಕುಳಿತಿದ್ದ. ಪಟ್ಟಿ ಈಗ ಅವನ ಸ್ವಂತ ಕೈಯಲ್ಲೇ ಇತ್ತು.

"ಏನಂದ್ರಣ್ಣಾ? ಪಟ್ಟಿ ಕೊಡಲಿಲ್ಲೇನು?" ಎಂದ ಎಂಕಪ್ಪ ಆಸೆಯಿಂದ.

"ಪಟ್ಟಿ ಕಟ್ಟೋದು ಯಾರಿಗಪ್ಪಾ?" ಎಂದ ಮಾರೆಪ್ಪ, ಲೋಟವನ್ನು ಊದುತ್ತ. "ಪರೀಕ್ಷಾ ಬರೆಯೋರಿಗೆ. ನಾನು ಅಳತಿಗೋಲು. ಜಿಲ್ಲಾದಾಗ ಎಷ್ಟು ಮಂದಿ ಪಟ್ಟಿ ಕಟ್ಟಿಕೊಂಡಾರೋ, ಅವರನ್ನೆಲ್ಲಾ ನನ್ನ ಜೋಡಿ ನಿಲ್ಲಿಸಿ ಅಳೀತಾರಂತ. ಮೂರು ವರ್ಷ."

ಎಂಕಪ್ಪನ ಕೈಯಲ್ಲಿದ್ದ ಚಹಾ ಆರಿಹೋಯಿತು.

ಮರುದಿನ ಬೆಳಿಗ್ಗೆ, ಮೌನಿಕಾ ಬಸ್ಸಿನಿಂದ ಇಳಿಯುವ ಮೊದಲೇ, ಎಂಕಪ್ಪ ನಿಲ್ದಾಣದಲ್ಲಿ ಕಾಯುತ್ತಿದ್ದ. ನೀಲಿ ಪಟ್ಟಿಯನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡಿದ್ದ.

"ಇದನ್ನ ಯಾರಿಗಾದ್ರೂ ಕೊಡವ್ವಾ," ಎಂದ. "ನನಗೂ ಒಂದು ಕಾಗದಾ ಕೊಟ್ಟುಬಿಡು."